ಹೆಸರಿನ ಕಡತ

ನಮ್ಮ ತಾತ ಶ್ಯಾನುಭೋಗರಾಗಿದ್ದವರು. ಯಾವ ಹೊಲ ಯಾರದು, ಯಾವ ಬಾವಿಯ ನೀರು ಯಾರಿಗೆ ಸಲ್ಲಬೇಕು ಎಂಬ ತಂಟೆ ಹುಟ್ಟಿದಾಗಲೆಲ್ಲ ಜನ ನಮ್ಮ ಮನೆಯ ಜಗಲಿಗೆ ಬರುತ್ತಿದ್ದರಂತೆ. ತಾತ ಕಡತ ಬಿಚ್ಚುವರು, ಬರೆದದ್ದನ್ನು ಓದುವರು, ತಂಟೆ ಅಲ್ಲಿಗೆ ಮುಗಿಯುವುದು. ಭೂಮಿ ತಾನು ಯಾರದೆಂದು ತಾನೇ ಹೇಳದು, ಕಡತ ಹೇಳಬೇಕು. ಆದರೆ ಆ ಕಡತವನ್ನು ಬರೆಯುವ ಕ್ರಮ, ಅದರ ಗುರುತುಗಳು, ಸಂಕ್ಷೇಪಗಳು ತಾತನಿಗೊಬ್ಬರಿಗೇ ಗೊತ್ತಿದ್ದವು. ವಂಶಪಾರಂಪರ್ಯದ ಶ್ಯಾನುಭೋಗಿಕೆ ರದ್ದಾಗಿ, ತಾತನೂ ತೀರಿಕೊಂಡ ಮೇಲೆ, ಅಟ್ಟದ ಮೇಲೆ ಉಳಿದಿದ್ದ ಹಳೆಯ ಕಟ್ಟುಗಳನ್ನು ಓದಬಲ್ಲವರೇ ಇಲ್ಲವಾದರು.

ಈ ಮಾತು ನನಗೆ ನೆನಪಾದದ್ದು ಈಚೆಗೆ, ತೀರ ಬೇರೆಯೊಂದು ಪ್ರಸಂಗದಲ್ಲಿ. ನಮ್ಮೂರಿನ ಸಾಹಿತ್ಯ ಸಂಘಕ್ಕೆ ಅಂತರಜಾಲದಲ್ಲಿ ಒಂದು ತಾಣವಿದೆ. ನಾಲ್ಕು ದಶಕಗಳ ಉಪನ್ಯಾಸಗಳು, ತೀರಿಹೋದ ಹಿರಿಯರ ಧ್ವನಿಮುದ್ರಿಕೆಗಳು ಅದರಲ್ಲಿವೆ. ಒಂದು ಬೆಳಗ್ಗೆ ನೋಡಿದರೆ ತಾಣ ಮಾಯವಾಗಿತ್ತು. ಹೆಸರಿನ ವಾರ್ಷಿಕ ಶುಲ್ಕ ಕಟ್ಟಿರಲಿಲ್ಲ. ಎಚ್ಚರಿಕೆಯ ಪತ್ರಗಳು, ಆ ಹೆಸರನ್ನು ನೋಂದಾಯಿಸಿ ಆಮೇಲೆ ಪರದೇಶಕ್ಕೆ ಹೋದ ತರುಣನ ಹಳೆಯ ವಿಳಾಸಕ್ಕೆ ಹೋಗಿ ಬಿದ್ದಿದ್ದವು. ಬಲ್ಲ ಹುಡುಗನೊಬ್ಬ ನೋಡಿ ಹೇಳಿದ: “ಹೆಸರು ಅಳಿಸಿಹೋಗಿದೆ ಸಾರ್. ಆದರೆ ಹೆದರಬೇಡಿ, ಬಿಡಿಸಿಕೊಳ್ಳಲು ಮೂವತ್ತು ದಿನದ ಗಡುವು ಇರುತ್ತದೆ. ಅದರಲ್ಲಿ ಇನ್ನೂ ಹನ್ನೊಂದು ದಿನ ಉಳಿದಿದೆ.” ತರುಣನನ್ನು ಹುಡುಕಿ ಹಿಡಿದು, ದಂಡ ತೆತ್ತು, ಒಂಬತ್ತನೆಯ ದಿನ ಹೆಸರನ್ನು ಬಿಡಿಸಿಕೊಂಡೆವು. ಆದರೆ ಆ ಮೂವತ್ತು ದಿನದ ಕರುಣೆ ಯಾರದು, ಅದನ್ನು ಎಲ್ಲಿ ಬರೆದಿದೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದನ್ನು ಅರಸುತ್ತ ಹೋದಾಗ ತೆರೆದುಕೊಂಡ ಚರಿತ್ರೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯ ನೆನಪಿಡುವುದು ಹೆಸರುಗಳನ್ನು. ಇವೆರಡನ್ನೂ ಜೋಡಿಸುವ ಕಡತವೊಂದು ಬೇಕಾಯಿತು. ಅಂತರಜಾಲದ ಪೂರ್ವಜವಾದ ಅರ್ಪಾನೆಟ್ಟಿನಲ್ಲಿ ಇಂಥ ಒಂದೇ ಒಂದು ಪಟ್ಟಿ ಇತ್ತು. ಅದನ್ನು ಇಟ್ಟುಕೊಂಡಿದ್ದುದು ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನ ಒಂದು ಸಂಶೋಧನ ಸಂಸ್ಥೆ. ನೋಡಿಕೊಳ್ಳುತ್ತಿದ್ದುದು ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ. ಹೊಸ ಯಂತ್ರಕ್ಕೆ ಹೆಸರು ಬೇಕಾದವರು ಕಚೇರಿಯ ವೇಳೆಯಲ್ಲಿ ಅವರಿಗೆ ತಿಳಿಸಬೇಕು. ಅವರು ಪಟ್ಟಿಗೆ ಸೇರಿಸಬೇಕು. ಉಳಿದವರೆಲ್ಲ ಆ ಪಟ್ಟಿಯ ನಕಲನ್ನು ತರಿಸಿಕೊಳ್ಳಬೇಕು. ಅಕ್ಷರಶಃ ಶ್ಯಾನುಭೋಗಿಕೆಯೇ! ಯಂತ್ರಗಳು ನೂರಾರಾಗುತ್ತ ಬಂದಂತೆ ಈ ಏರ್ಪಾಡು ಕುಸಿಯತೊಡಗಿತು.

ಆ ಜಾಲವನ್ನು ಕಟ್ಟುತ್ತಿದ್ದವರ ಬಳಿ ಒಂದು ಒಳ್ಳೆಯ ಅಭ್ಯಾಸವಿತ್ತು. 1969ರ ಏಪ್ರಿಲ್ 7ರಂದು ಸ್ಟೀವ್ ಕ್ರಾಕರ್ ಎಂಬ ವಿದ್ಯಾರ್ಥಿ ಜಾಲದ ಕಟ್ಟುಪಾಡಿನ ಬಗ್ಗೆ ಒಂದು ಟಿಪ್ಪಣಿಯನ್ನು ಹಂಚಿದ. ಮನೆಯಲ್ಲಿ ಮಲಗಿದ್ದ ಗೆಳೆಯರಿಗೆ ತೊಂದರೆಯಾಗದಿರಲೆಂದು ರಾತ್ರಿ ಬಚ್ಚಲುಮನೆಯಲ್ಲಿ ಕುಳಿತು ಅದನ್ನು ಬರೆದನಂತೆ. ತಾವು ಇನ್ನೂ ಹುಡುಗರು, ಅಪ್ಪಣೆ ಕೊಡಿಸಿದಂತೆ ಕಾಣಬಾರದು ಎಂಬ ಸಂಕೋಚದಿಂದ ಅದಕ್ಕೆ ‘ರಿಕ್ವೆಸ್ಟ್ ಫಾರ್ ಕಾಮೆಂಟ್ಸ್’, ಅಂದರೆ ‘ಅಭಿಪ್ರಾಯ ಬೇಡಿಕೆ’ ಎಂದು ಹೆಸರಿಟ್ಟ. ಆ ವಿನಯದ ಹೆಸರೇ ಉಳಿಯಿತು. ಇಂದು ಆರ್.ಎಫ್.ಸಿ. ಎಂದು ಕರೆಯಲಾಗುವ ಈ ಪತ್ರಗಳು ಒಂಬತ್ತು ಸಾವಿರವನ್ನು ಮೀರಿವೆ. ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ಒಮ್ಮೆ ಪ್ರಕಟವಾದ ಪತ್ರದ ಹುರುಳನ್ನು ತಿದ್ದುವಂತಿಲ್ಲ. ತಪ್ಪು ಕಂಡರೆ ತಿದ್ದೋಲೆಯನ್ನು ಬೇರೆಯಾಗಿ ದಾಖಲಿಸಬೇಕು. ಮತ ಬದಲಾದರೆ ಹೊಸ ಸಂಖ್ಯೆಯ ಹೊಸ ಪತ್ರ ಬರಬೇಕು. ಪಾಠಾಂತರಗಳ ಕಾಡಿನಲ್ಲಿ ಅಲೆದ ನನ್ನಂಥ ಕನ್ನಡ ಮೇಷ್ಟರಿಗೆ ಇದು ಎಂಥ ನೆಮ್ಮದಿ ಎಂಬುದನ್ನು ಊಹಿಸಿಕೊಳ್ಳಿ.

ಹೆಸರಿನ ಪಟ್ಟಿಯ ಸಮಸ್ಯೆಗೂ ಪರಿಹಾರ ಇದೇ ದಾರಿಯಲ್ಲಿ ಬಂದಿತು. ಜಾನ್ ಪೋಸ್ಟೆಲ್ ಎಂಬಾತ, ಬಂದಿದ್ದ ಹಲವು ಸಲಹೆಗಳನ್ನು ಪಾಲ್ ಮೊಕಾಪೆಟ್ರಿಸ್ ಎಂಬ ತರುಣ ವಿಜ್ಞಾನಿಯ ಕೈಗಿತ್ತು, ಹೊಂದಿಸಿಕೊಡು ಎಂದ. ಆತ ಹೊಂದಿಸುವ ಬದಲು ತನ್ನದೇ ಹೊಸ ಏರ್ಪಾಡನ್ನು ಕಟ್ಟಿ 1983ರ ನವೆಂಬರಿನಲ್ಲಿ ಎರಡು ಪತ್ರಗಳಾಗಿ ಪ್ರಕಟಿಸಿದ. 1987ರಲ್ಲಿ ಅವನ್ನು ಪರಿಷ್ಕರಿಸಿ ಮತ್ತೆರಡು ಪತ್ರಗಳನ್ನು ಹೊರಡಿಸಿದ. ಅದರ ತಿರುಳು ಇಷ್ಟೆ: ಒಂದೇ ಕಡತ ಬೇಡ, ಅಧಿಕಾರವನ್ನು ಹಂಚಿಬಿಡೋಣ. ಹೆಸರು ನಮ್ಮ ಅಂಚೆ ವಿಳಾಸದಂತೆ ಕಿರಿದರಿಂದ ಹಿರಿದಕ್ಕೆ ಸಾಗುತ್ತದೆ. ಮನೆ, ಬೀದಿ, ಊರು, ಜಿಲ್ಲೆ ಎಂಬಂತೆ. ಜಿಲ್ಲೆಯವರಿಗೆ ಊರುಗಳು ಮಾತ್ರ ಗೊತ್ತಿದ್ದರೆ ಸಾಕು. ಮನೆಗಳ ಲೆಕ್ಕವನ್ನು ಊರಿನವರು ಇಟ್ಟುಕೊಳ್ಳುತ್ತಾರೆ. 1984ರಲ್ಲಿ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಬರೆದ ಪತ್ರ ಕಾಮ್, ಎಜು, ಗವ್, ಮಿಲ್, ಆರ್ಗ್ ಎಂಬ ವರ್ಗಗಳನ್ನು ಗೊತ್ತುಮಾಡಿತು. 1985ರ ಇಡೀ ವರ್ಷದಲ್ಲಿ ಕಾಮ್ ವರ್ಗದಲ್ಲಿ ನೋಂದಾಯಿತವಾದ ಹೆಸರುಗಳು ಆರು!

ಪೋಸ್ಟೆಲ್‌ನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಸುಮಾರು ಮೂರು ದಶಕಗಳ ಕಾಲ ಈ ಪತ್ರಗಳ ಸಂಪಾದಕನಾಗಿದ್ದವನು ಆತನೇ. ಯಾವ ದೇಶದ ಹೆಸರನ್ನು ಯಾರ ಕೈಗೆ ಒಪ್ಪಿಸಬೇಕೆಂದು ತೀರ್ಮಾನಿಸುತ್ತಿದ್ದವನೂ ಆತನೇ. 1994ರಲ್ಲಿ ಅವನು ಬರೆದ ಪತ್ರವೊಂದರಲ್ಲಿ, ಈ ಹೆಸರುಗಳ ವಿಷಯದಲ್ಲಿ ಹಕ್ಕು, ಒಡೆತನ ಎಂಬ ಮಾತು ಸಲ್ಲದು, ಹೊಣೆ ಮತ್ತು ಸಮುದಾಯದ ಸೇವೆಯ ಮಾತೇ ಸಲ್ಲುವಂಥದು ಎಂಬ ನಿಲುವಿದೆ. ಶಾಸನದ ಕೊನೆಯಲ್ಲಿ ಶಾಪಾಶಯ ಬರೆಸಿದ ನಮ್ಮ ಹಿರಿಯರಿಗೂ ಈ ನಿಲುವು ಒಪ್ಪಿಗೆಯಾಗುತ್ತಿತ್ತು. ಆದರೆ ಒಬ್ಬನ ಸಜ್ಜನಿಕೆಯ ಮೇಲೆ ಲೋಕದ ಕಡತ ನಿಲ್ಲಬಹುದೆ? 1998ರ ಜನವರಿಯಲ್ಲಿ ಪೋಸ್ಟೆಲ್ ಒಂದು ಪತ್ರ ಬರೆದು, ಮೂಲ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಎಂಟು ಮಂದಿಗೆ ತಮ್ಮ ಪಟ್ಟಿಯನ್ನು ತನ್ನಲ್ಲಿಂದಲೇ ಪಡೆಯಬೇಕೆಂದು ಕೇಳಿದ. ಅವರು ಹಾಗೆಯೇ ಮಾಡಿದರು. ಅಮೆರಿಕದ ಸರ್ಕಾರ ಬೆಚ್ಚಿಬಿದ್ದು ಅದನ್ನು ಹಿಂತೆಗೆಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ಕೆಲಸಕ್ಕೆಂದು ಐಕಾನ್ ಎಂಬ ಸಂಸ್ಥೆ ಹುಟ್ಟಿತು. ಅಕ್ಟೋಬರ್ 16ರಂದು ಪೋಸ್ಟೆಲ್ ತೀರಿಕೊಂಡ. ಆಗ ಅವನಿಗೆ 55 ವರ್ಷ. ಅವನ ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿಯೂ ಸಂಖ್ಯೆ ಪಡೆದು ಅದೇ ಪತ್ರಮಾಲೆಯಲ್ಲಿ ಸೇರಿಹೋಗಿದೆ: 2468.

ಆ ಹೊತ್ತಿಗೆ ಹೆಸರು ವ್ಯಾಪಾರವಾಗಿತ್ತು. 1995ರ ಸೆಪ್ಟೆಂಬರಿನವರೆಗೆ ಬಿಟ್ಟಿಯಾಗಿದ್ದ ನೋಂದಣಿಗೆ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಬಿದ್ದಿತು. ಕಾಮ್ ವರ್ಗದ ಹೆಸರುಗಳನ್ನು ಕೊಡುವವರು ಒಬ್ಬರೇ. 1999ರಲ್ಲಿ ಈ ಏಕಸ್ವಾಮ್ಯ ಒಡೆಯಿತು. ಮೂಲ ಕಡತ ಇಡುವವರು ರಿಜಿಸ್ಟ್ರಿ, ಜನರಿಗೆ ಹೆಸರು ಮಾರುವವರು ರಿಜಿಸ್ಟ್ರಾರ್ ಎಂದು ಕೆಲಸ ಎರಡಾಯಿತು. ಒಂದು ಕಡತ, ಅದನ್ನು ತಿದ್ದುವ ನೂರು ಕೈ! ಆ ನೂರು ಕೈಗಳು ಯಾವ ಮಾತಿನಲ್ಲಿ ಕಡತದೊಡನೆ ವ್ಯವಹರಿಸಬೇಕು? 2004ರ ಮಾರ್ಚಿನಲ್ಲಿ ಪ್ರಕಟವಾದ ಇ.ಪಿ.ಪಿ. ಎಂಬ ಕಟ್ಟುಪಾಡು ಇದಕ್ಕೆ ಉತ್ತರ. ಸ್ಕಾಟ್ ಹೊಲೆನ್‌ಬೆಕ್ ಬರೆದ ಇದು 2007ರಲ್ಲಿ, ಮತ್ತೆ 2009ರಲ್ಲಿ ಪರಿಷ್ಕಾರಗೊಂಡಿತು. ಇದರ ವ್ಯಾಕರಣ ಬಲು ಚಿಕ್ಕದು: ಹೆಸರು ಖಾಲಿಯಿದೆಯೇ ನೋಡು, ಹುಟ್ಟಿಸು, ವಿವರ ತಿಳಿಸು, ನವೀಕರಿಸು, ಬದಲಿಸು, ವರ್ಗಾಯಿಸು, ಅಳಿಸು. ಕೆಲವೇ ಕ್ರಿಯಾಪದಗಳು. ಒಬ್ಬ ರಿಜಿಸ್ಟ್ರಾರನಿಂದ ಇನ್ನೊಬ್ಬನಿಗೆ ಹೆಸರನ್ನು ಒಯ್ಯಲು ಒಂದು ಗುಟ್ಟಿನ ಮಾತು. ಅದು ಗೊತ್ತಿದ್ದವನೇ ಯಜಮಾನ.

ಇಂಥ ಕಟ್ಟುಪಾಡನ್ನು ಒಪ್ಪುವ ಬಗೆಯೂ ಸ್ವಾರಸ್ಯವಾದದ್ದು. ಐ.ಇ.ಟಿ.ಎಫ್. ಎಂಬ ಕೂಟದಲ್ಲಿ ಕರಡುಗಳು ಬರುತ್ತವೆ, ತಿಂಗಳು ವರ್ಷಗಳ ಕಾಲ ಟೀಕೆಗೊಳಗಾಗುತ್ತವೆ. ಅಲ್ಲಿ ಮತ ಹಾಕುವ ಪದ್ಧತಿಯಿಲ್ಲ. ಒಪ್ಪುವವರು ಬಾಯಿ ತೆರೆಯದೆ ಹೂಂಗುಟ್ಟುತ್ತಾರೆ. ಆ ಗುಂಯ್‌ಗುಡುವಿಕೆಯ ಬಲವನ್ನು ಆಲಿಸಿ ಅಧ್ಯಕ್ಷರು ಸಭೆಯ ಒಲವನ್ನು ಅರಿಯುತ್ತಾರೆ. ಕಥೆ ಕೇಳುವಾಗ ಹೂಂಗುಡಬೇಕು ಎಂದು ನಮ್ಮ ಅಜ್ಜಿ ಕಟ್ಟಳೆ ಮಾಡಿದ್ದಳು. ಅದು ಇಷ್ಟು ದೂರ ಹೋದೀತೆಂದು ತಿಳಿದಿರಲಿಲ್ಲ.

ನನ್ನ ಮೂವತ್ತು ದಿನಗಳೂ ಸಿಕ್ಕಿದವು. ಅರಿಯದೆ ಕೈಬಿಟ್ಟ ಹೆಸರುಗಳನ್ನು ಹೊಂಚುಹಾಕಿ ದಕ್ಕಿಸಿಕೊಳ್ಳುವವರ ಬಗ್ಗೆ ದೂರುಗಳು ಹೆಚ್ಚಿದಾಗ, ಅಳಿಸಿದ ಹೆಸರನ್ನು ಮೂವತ್ತು ದಿನ ಕಾದಿರಿಸಬೇಕೆಂಬ ನಿಯಮವನ್ನು 2002ರಿಂದ ಐಕಾನ್ ರೂಪಿಸಿತು. ಅದನ್ನು ಯಂತ್ರಗಳು ನಡೆಸುವ ಬಗೆಯನ್ನು 2004ರ ಸೆಪ್ಟೆಂಬರಿನ 3915ನೆಯ ಪತ್ರ ವಿವರಿಸುತ್ತದೆ. ನಮ್ಮ ಸಂಘದ ಹೆಸರೇ ಕೇಳಿರದ ಯಾರೋ ಕುಳಿತು ಬರೆದ ಒಣ ಗದ್ಯ ನಮ್ಮ ಹಿರಿಯರ ಧ್ವನಿಗಳನ್ನು ಕಾಪಾಡಿತು.

ಇನ್ನು ಕನ್ನಡದ ಮಾತು. ಹಳೆಯ ಕಟ್ಟುಪಾಡಿನಲ್ಲಿ ಹೆಸರಿಗೆ ಸಲ್ಲುತ್ತಿದ್ದುದು ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಒಂದು ಅಡ್ಡಗೆರೆ; ಅಷ್ಟೆ. 2003ರಲ್ಲಿ ಬೇರೆ ಲಿಪಿಗಳ ಹೆಸರುಗಳನ್ನು ಈ ಅಕ್ಷರಗಳಲ್ಲೇ ಅಡಗಿಸುವ ಪ್ಯೂನಿಕೋಡ್ ಎಂಬ ಉಪಾಯ ಬಂದಿತು. ಆದರೆ ‘ರಾಜ್‌ಕುಮಾರ್’ ಎಂಬಲ್ಲಿ ಜಕಾರವೂ ಕಕಾರವೂ ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತೊಂದಿದೆ. ಆ ಕಟ್ಟುಪಾಡು ಅದನ್ನು ಅಳಿಸಿಬಿಡುತ್ತಿತ್ತು, ಹೆಸರು ‘ರಾಜ್ಕುಮಾರ್’ ಆಗುತ್ತಿತ್ತು. 2010ರ ಪರಿಷ್ಕಾರ ಆ ಗುರುತನ್ನು ಶರತ್ತಿನ ಮೇಲೆ ಒಪ್ಪಿತು. ಮುಂದೆ ಬ್ರಾಹ್ಮಿಯಿಂದ ಇಳಿದ ಒಂಬತ್ತು ಲಿಪಿಗಳ ತಜ್ಞರ ಮಂಡಲಿ ಕುಳಿತು, 2019ರಲ್ಲಿ ಕನ್ನಡಕ್ಕೆ ನಿಯಮಗಳನ್ನು ಸೂಚಿಸಿತು. ಅ, ಗ, ಜ, ಲ ಮೊದಲಾದವು ತೆಲುಗಿನಲ್ಲೂ ಹೆಚ್ಚುಕಡಮೆ ಹೀಗೆಯೇ ಕಾಣುವುದರಿಂದ, ಒಂದರ ಹೆಸರಲ್ಲಿ ಇನ್ನೊಂದು ಮೋಸಮಾಡದಂತೆ ತಡೆ ಬೇಕಾಯಿತು. ಸೋದರ ಲಿಪಿಗಳ ನಂಟು ಅಲ್ಲಿಯೂ ಬಿಡಲಿಲ್ಲ. ‘ಭಾರತ’ ಎಂದು ಕೊನೆಗೊಳ್ಳುವ ಹೆಸರಿಗೆ 2011ರಲ್ಲಿ ಒಪ್ಪಿಗೆ ಪಡೆದ ಮೊದಲ ಏಳು ಲಿಪಿಗಳಲ್ಲಿ ತೆಲುಗು, ತಮಿಳು ಇದ್ದವು; ಕನ್ನಡ ಇರಲಿಲ್ಲ. ನಮ್ಮದು ಆಮೇಲೆ ಬಂದಿತು.

ತಡವಾದರೂ ಚಿಂತೆಯಿಲ್ಲ, ತಪ್ಪಾಗಬಾರದು. ಏತಕ್ಕೆಂದರೆ ಶಾಶ್ವತವಾಗಿ ಪ್ರಕಟವಾಗುವ ಕಡತದಲ್ಲಿ ತಪ್ಪೂ ಶಾಶ್ವತ. ಯೂನಿಕೋಡ್ ಎಂಬ ಲಿಪಿಕೋಶದಲ್ಲಿ ನಮ್ಮ ಹಳಗನ್ನಡದ ೞಕಾರಕ್ಕೆ, ಏೞ್, ಬಾೞ್ ಎಂಬಲ್ಲಿನ ಆ ಅಕ್ಷರಕ್ಕೆ, ಇಂಗ್ಲಿಷಿನಲ್ಲಿ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಅಡ್ಡಹೆಸರಾಗಿ ಬರೆದಿದ್ದಾರೆ. ಕರಡು ಹೊರಟ ಹೊತ್ತಿನಲ್ಲಿ ನಮ್ಮವರೊಬ್ಬರು ಕೇಳಿ ಹೂಂಗುಡದೆ ಇದ್ದಿದ್ದರೆ, ಇಲ್ಲ ಎಂದು ಒಂದು ಮಾತು ಆಡಿದ್ದರೆ ಸಾಕಾಗಿತ್ತು!

ತಾತನ ಒಂದು ಕಡತ ಈಗಲೂ ನನ್ನ ಬಳಿಯಿದೆ. ಮಡಿಕೆ ಬಿಚ್ಚಿ ನೋಡುತ್ತೇನೆ. ಅಕ್ಷರ ದುಂಡಾಗಿದೆ, ಒಂದೂ ಅಳಿಸಿಲ್ಲ. ಆದರೆ ಅರ್ಧಕ್ಕರ್ಧ ನನಗೆ ತಿಳಿಯುವುದಿಲ್ಲ. ತಾತ ಪ್ರಾಮಾಣಿಕರೇ. ಬರೆಯುವ ಕ್ರಮವನ್ನು ಮಾತ್ರ ಅವರು ಯಾರಿಗೂ ಬರೆದಿಟ್ಟು ಹೋಗಲಿಲ್ಲ.

(ಬಾನುಲಿ ಭಾಷಣ)