ವರ, ಶಾಪ, ಅಸ್ತ್ರ: ತಾಳಮದ್ದಳೆಯ ವಾದಲೋಕ

ತಾಳಮದ್ದಳೆ ಯಕ್ಷಗಾನದ ಮಾತಿನ ಕವಲು. ಇದರಲ್ಲಿ ವೇಷ, ಕುಣಿತ, ರಂಗಸಜ್ಜಿಕೆ ಯಾವುದೂ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಪಂಚೆ ಅಂಗಿಯಲ್ಲೇ ಎದುರುಬದುರು ಕುಳಿತ ಅರ್ಥಧಾರಿಗಳು ತಮ್ಮ ಪಾತ್ರವಾಗಿ ಆ ಪದ್ಯಕ್ಕೆ ಅಲ್ಲಿಯೇ ಮಾತು ಕಟ್ಟುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಹಬ್ಬಿರುವ ಈ ಕಲೆಯನ್ನು ಜನ ‘ಕೂಟ’ ಎಂದು ಕರೆಯುತ್ತಾರೆ. ವೇಷ ಕಟ್ಟಿ ಆಡಿದರೆ ಅದು ‘ಆಟ’. ವರ ಎಲ್ಲಿಯವರೆಗೆ ಕಾಯುತ್ತದೆ, ಶಾಪಕ್ಕೆ ಗಡಿ ಯಾವುದು, ಬಿಟ್ಟ ಅಸ್ತ್ರವನ್ನು ಯಾರು ಹಿಂದಕ್ಕೆ ಕರೆಯಬಲ್ಲರು ಎಂಬ ಪ್ರಶ್ನೆಗಳನ್ನು ಕನ್ನಡಿಗರು ಇಷ್ಟು ತಲ್ಲೀನರಾಗಿ, ಇಷ್ಟು ಕಾಲ ಚರ್ಚಿಸಿದ ಇನ್ನೊಂದು ಜಾಗ ಸಿಗುವುದು ಕಷ್ಟ.

ಪುರಾಣದ ಅದ್ಭುತಗಳಿಗೆ ಲೆಕ್ಕಾಚಾರವಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೂಟದ ಹಳೆಯ ಶ್ರೋತೃಗಳು ಅದನ್ನು ಒಪ್ಪಲಾರರು. ವಾಲ್ಮೀಕಿಯ ಸುಂದರಕಾಂಡದಲ್ಲಿ ಇಂದ್ರಜಿತು ಬ್ರಹ್ಮಾಸ್ತ್ರದಿಂದ ಹನುಮಂತನನ್ನು ಕಟ್ಟುತ್ತಾನೆ. ಉತ್ಸಾಹದಲ್ಲಿ ಓಡಿಬಂದ ರಾಕ್ಷಸರು ಅವನನ್ನು ಸೆಣಬಿನ ಹಗ್ಗ, ಮರದ ನಾರುಗಳಿಂದಲೂ ಬಿಗಿಯುತ್ತಾರೆ. ಬೇರೊಂದು ಕಟ್ಟು ಬಿದ್ದ ಕ್ಷಣವೇ ಬ್ರಹ್ಮಾಸ್ತ್ರದ ಕಟ್ಟು ಸಡಿಲುತ್ತದೆ. ಇಂದ್ರಜಿತು ಅದನ್ನು ಕಂಡು ಚಿಂತೆಗೆ ಬೀಳುತ್ತಾನೆ. ಹನುಮಂತ ಮಾತ್ರ ಬಿಡುಗಡೆಯಾದದ್ದು ತೋರಗೊಡದೆ ರಾವಣನನ್ನು ನೋಡಬೇಕೆಂದು ಸುಮ್ಮನೆ ಎಳೆಸಿಕೊಂಡು ಹೋಗುತ್ತಾನೆ. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅರ್ಜುನನೂ ಅಶ್ವತ್ಥಾಮನೂ ಬ್ರಹ್ಮಶಿರವನ್ನು ಬಿಡುತ್ತಾರೆ. ವ್ರತನಿಷ್ಠನಾದ ಅರ್ಜುನ ತನ್ನದನ್ನು ಹಿಂದೆಗೆಯಬಲ್ಲ, ಅಶ್ವತ್ಥಾಮನಿಗೆ ಬಿಡುವುದಷ್ಟೇ ಗೊತ್ತು. ಆ ಒಂದು ಕೊರತೆಯಿಂದಲೇ ಅಸ್ತ್ರ ಉತ್ತರೆಯ ಗರ್ಭದತ್ತ ತಿರುಗುತ್ತದೆ. ಕತೆಯ ಗತಿಯೇ ನಿಯಮದ ಮೇಲೆ ನಿಂತಿರುವಾಗ, ಆ ನಿಯಮವನ್ನು ಕೆದಕದೆ ಕೇಳುಗ ಹೇಗೆ ಸುಮ್ಮನಿದ್ದಾನು?

ಈ ಕಲೆಯ ಇತಿಹಾಸದ ಮೊದಲ ಗುರುತುಗಳು ಕರಾವಳಿಯಿಂದ ದೂರ ಸಿಗುತ್ತವೆ. ಬಳ್ಳಾರಿ ಸೀಮೆಯ ಕುರುಗೋಡಿನ ಬಳಿ ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಾಲಯದ 1556ರ ಶಾಸನ, ತಾಳಮದ್ದಳೆ ನಡೆಸುವವರಿಗೆ ಭೂಮಿ ದತ್ತಿ ಕೊಟ್ಟದ್ದನ್ನು ಹೇಳುತ್ತದೆ. ಮುಂದೆ ಕರಾವಳಿಯಲ್ಲಿ ಇದು ಮಳೆಗಾಲದ ಕಲೆಯಾಗಿ ಬೇರೂರಿತು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿಯ ಬಳಿಕ ಮತ್ತೆ ತಿರುಗಾಟಕ್ಕೆ ಹೊರಡುವವರೆಗೆ ಬಯಲಿನಲ್ಲಿ ಆಟವಿಲ್ಲ. ಹೊರಗೆ ಮಳೆ ಸುರಿಯುವಾಗ ಮನೆಯ ಚಾವಡಿಯಲ್ಲಿ, ದೇವಸ್ಥಾನದ ಗೋಪುರದಲ್ಲಿ ಚಾಪೆ ಹಾಸಿ, ನಡುವೆ ದೀಪ ಹಚ್ಚಿ ಕೂಟಕ್ಕೆ ಕೂರುವುದು ರೂಢಿಯಾಯಿತು.

ಕಾಸರಗೋಡಿನ ಗಡಿಸೀಮೆಯಲ್ಲಿ ಈ ಕಲೆಗೆ ವಿಶೇಷ ಬಲವಿದೆ. ಕಾರಡ್ಕ ಬ್ಲಾಕಿಗೆ ಸೇರಿದ ಮುಳ್ಳೇರಿಯ, ಬೆಳ್ಳೂರು, ಕುಂಬ್ಡಾಜೆ, ದೇಲಂಪಾಡಿಯ ಕಡೆ ಅಡಕೆ ತೋಟಗಳ ನಡುವೆ ಚದುರಿದ ಮನೆಗಳಲ್ಲಿ ಕನ್ನಡ, ತುಳು, ಮಲಯಾಳ, ಹವ್ಯಕ, ಮರಾಠಿ ಮಾತುಗಳು ಒಟ್ಟಿಗೆ ಬಾಳುತ್ತವೆ. ತುಳುವಿನಲ್ಲೂ ಕೂಟಗಳು ನಡೆಯುವುದುಂಟು, ಆದರೆ ಪುರಾಣ ಪ್ರಸಂಗಗಳ ಅರ್ಥ ಹೆಚ್ಚಾಗಿ ಕನ್ನಡದಲ್ಲಿಯೇ. ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ಮಾಸ್ತರ್ ವಿಷ್ಣು ಭಟ್ಟರು ಕಟ್ಟಿ ಬೆಳೆಸಿದ ಗೋಪಾಲಕೃಷ್ಣ ಯಕ್ಷಗಾನ ಕಲಾ ಸಂಘ ಹಳ್ಳಿಯ ಮಕ್ಕಳಿಗೂ ಕೃಷಿಕರಿಗೂ ಅರ್ಥ ಹೇಳುವ ಪಾಠಶಾಲೆಯಾಯಿತು. ಸಮೀಪದ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳನ್ನು ದೇಶ ಬಲ್ಲದ್ದು 1973ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಊರವರಿಗೆ ಅವರು ಭಾಗವತಿಕೆ ಮಾಡುತ್ತಿದ್ದ, ಯಕ್ಷಗಾನಕ್ಕೆ ಆಸರೆಯಾದ ಸ್ವಾಮಿಗಳೂ ಹೌದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿಗಳಲ್ಲಿ ಕನ್ನಡದ ಜಾಗ ಕಿರಿದಾಯಿತು. ಸುಸಂಸ್ಕೃತವಾದ, ತುಂಬು ಕನ್ನಡವನ್ನು ಗಂಟೆಗಟ್ಟಲೆ ಕೇಳುವ ಅವಕಾಶ ಉಳಿದದ್ದರಲ್ಲಿ ಕೂಟದ ಪಾಲು ದೊಡ್ಡದು. ಅದರ ಋಣವನ್ನು ಈ ನೆಲ ಮರೆಯುವಂತಿಲ್ಲ.

ಇಲ್ಲಿನ ರಾಮಾಯಣ ಪ್ರಸಂಗಗಳು ಬಹುಪಾಲು ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿವೆ. ಅವು ನಿಜಕ್ಕೂ ಅವನವೇ ಎಂಬುದೇ ದಶಕಗಳ ಕಾಲ ವಾದಕ್ಕೆ ವಸ್ತುವಾಯಿತು. ಮುಳಿಯ ತಿಮ್ಮಪ್ಪಯ್ಯನವರು ಸುಬ್ಬನ ಪರವಾಗಿ ಪುಸ್ತಕವನ್ನೇ ಬರೆದರು. ಶಿವರಾಮ ಕಾರಂತರು ಒಪ್ಪಲಿಲ್ಲ. ಕುಕ್ಕಿಲ ಕೃಷ್ಣ ಭಟ್ಟರು ಪ್ರಸಂಗಗಳನ್ನು ಸಂಪಾದಿಸಿ, ಕೇರಳದ ರಾಮನಾಟ್ಟಂ ಜೊತೆಗಿನ ಹೋಲಿಕೆಗಳನ್ನೂ ಎತ್ತಿ ತೋರಿಸಿದರು. ಕವಿ ಯಾರೆಂಬ ಪ್ರಶ್ನೆಯನ್ನು ಓದುಗರು ಇಷ್ಟು ಹಚ್ಚಿಕೊಂಡದ್ದಕ್ಕೆ ಕಾರಣ, ಆ ಪದ್ಯಗಳು ಅವರ ಬಾಯಲ್ಲಿದ್ದದ್ದು.

ವಾದಗಳ ಪೈಕಿ ಅತ್ಯಂತ ಹೆಚ್ಚು ಬಾರಿ ನಡೆದದ್ದು ಬಹುಶಃ ವಾಲಿಯದು. ಎದುರು ನಿಂತವನ ಅರ್ಧ ಬಲ ವಾಲಿಗೆ ಸೇರುತ್ತದೆ ಎಂಬುದು ಜನಜನಿತ. ಹಾಗಾದರೆ ಮರದ ಮರೆಯಿಂದ ಬಂದ ಬಾಣಕ್ಕೆ ಆ ವರ ಅನ್ವಯಿಸುವುದಿಲ್ಲ, ರಾಮ ಮರೆಯಲ್ಲಿ ನಿಂತದ್ದು ಅದಕ್ಕೇ ಎಂದು ಒಬ್ಬರು ಹೇಳುತ್ತಾರೆ. ಎದುರಿಗಿನ ಅರ್ಥಧಾರಿ ಬಿಡುವುದಿಲ್ಲ: ಏಳು ಸಾಲವೃಕ್ಷಗಳನ್ನು ಒಂದೇ ಬಾಣದಲ್ಲಿ ಸೀಳಿದವನು, ದುಂದುಭಿಯ ಅಸ್ಥಿಪಂಜರವನ್ನು ಕಾಲ್ಬೆರಳಿನಿಂದ ಹತ್ತು ಯೋಜನ ಚಿಮ್ಮಿದವನು ಅರ್ಧ ಬಲ ಹೋದೀತೆಂದು ಅಂಜಿದನೇ? ಮೂಲ ಓದಿದವರು ಇನ್ನೊಂದು ಎಳೆ ಹಿಡಿಯುತ್ತಾರೆ. ವಾಲ್ಮೀಕಿಯಲ್ಲಿ ಈ ಅರ್ಧ ಬಲದ ವರ ಕಾಣುವುದಿಲ್ಲ. ಅಲ್ಲಿರುವುದು ಇಂದ್ರ ಕೊಟ್ಟ ಕಾಂಚನಮಾಲೆ. ಬಾಣ ನೆಟ್ಟು ಬಿದ್ದ ಮೇಲೂ ವಾಲಿಯ ಪ್ರಾಣವನ್ನೂ ಕಾಂತಿಯನ್ನೂ ಆ ಮಾಲೆ ಹಿಡಿದಿಡುತ್ತದೆ. ತಾನು ಸತ್ತರೆ ಅದರ ಶ್ರೀ ತೊಲಗೀತೆಂದು ವಾಲಿ ಉಸಿರಿರುವಾಗಲೇ ಅದನ್ನು ಸುಗ್ರೀವನ ಕೊರಳಿಗೆ ಹಾಕಿಸುತ್ತಾನೆ. ತನ್ನನ್ನು ಕೊಲ್ಲಿಸಿದ ತಮ್ಮನಿಗೆ, ಬಲ ಕರಗುವ ಮುನ್ನ, ಅವಸರದಲ್ಲಿ. ಒಳ್ಳೆಯ ಅರ್ಥಧಾರಿಯ ಬಾಯಲ್ಲಿ ಈ ಗಳಿಗೆಗೆ ಬಂದಾಗ ಅಷ್ಟು ಹೊತ್ತು ಖಣಖಣಿಸಿದ ವಾದ ನಿಂತು, ಸಭೆ ಮೌನವಾಗುತ್ತದೆ.

ಕೂಟದ ಬಿಗಿ ಇರುವುದು ಇಲ್ಲಿ. ವಾಲಿಯ ಅರ್ಥಧಾರಿ ಎಷ್ಟೇ ಚೆನ್ನಾಗಿ ವಾದಿಸಲಿ, ರಾಮನನ್ನು ಮಾತಿನಲ್ಲಿ ಕಟ್ಟಿಹಾಕಲಿ, ಮುಂದಿನ ಪದ್ಯದಲ್ಲಿ ಅವನು ಶರಣಾಗಲೇಬೇಕು. ಪದ್ಯ ದಾಟಿ ಹೋಗುವ ಹಾಗಿಲ್ಲ. ಗೆದ್ದ ವಾದವನ್ನು ಕೈಯಲ್ಲಿ ಹಿಡಿದುಕೊಂಡೇ ಸೋಲುವುದಕ್ಕೆ ಒಂದು ದಾರಿ ಹುಡುಕಬೇಕು, ಅದೂ ಭಾಗವತರು ಮುಂದಿನ ಪದ್ಯಕ್ಕೆ ಜಾಗಟೆ ಎತ್ತುವುದರೊಳಗೆ.

ಕರ್ಣಪರ್ವವೂ ಇಂಥದೇ ಗಣಿ. ಕವಚಕುಂಡಲ ಕೊಟ್ಟು ಪಡೆದ ಶಕ್ತ್ಯಾಯುಧ ಒಂದೇ ಸಲಕ್ಕೆ. ಅದು ಘಟೋತ್ಕಚನ ಮೇಲೆ ವೆಚ್ಚವಾಯಿತು. ಸರ್ಪಾಸ್ತ್ರವನ್ನು ಅರ್ಜುನನ ಕೊರಳಿಗೆ ಹೂಡಿದಾಗ ಶಲ್ಯ ಗುರಿ ಬದಲಿಸಲು ಹೇಳುತ್ತಾನೆ, ಕರ್ಣ ಒಪ್ಪುವುದಿಲ್ಲ. ಕೃಷ್ಣ ರಥವನ್ನು ನೆಲಕ್ಕೆ ಒತ್ತುತ್ತಾನೆ, ಕಿರೀಟ ಹಾರುತ್ತದೆ. ಒಮ್ಮೆ ತೊಟ್ಟ ಬಾಣವನ್ನು ಮತ್ತೆ ತೊಡಲಾರೆನೆಂಬ ನಿಲುವು ಛಲದ್ದೋ, ಕುಂತಿಗೆ ಕೊಟ್ಟ ಮಾತಿನದ್ದೋ? ಕನ್ನಡದ ಪರಂಪರೆ ಎರಡನೆಯದರ ಕಡೆ ಒಲಿಯುತ್ತದೆ, ಸಂಸ್ಕೃತ ಮೂಲ ಮೊದಲನೆಯದರ ಕಡೆ. ಶಲ್ಯ ಶತ್ರುವಿಗೆ ಸಹಾಯ ಮಾಡಲು ಬಂದವನೋ, ಸಾರಥಿಯಾಗಿ ಪ್ರಾಮಾಣಿಕ ಸಲಹೆ ಕೊಟ್ಟವನೋ ಎಂಬುದರ ಮೇಲೆ ಇಡೀ ರಾತ್ರಿಯ ಬಣ್ಣ ಬದಲಾಗುತ್ತದೆ.

ನಿಯಮವೇ ಕತೆಯಾದದ್ದು ಶರಸೇತು ಬಂಧನದಲ್ಲಿ. ಬಾಣಗಳಿಂದಲೇ ಸೇತುವೆ ಕಟ್ಟಬಲ್ಲೆ ಎನ್ನುತ್ತಾನೆ ಅರ್ಜುನ. ನಾನು ಕಾಲಿಟ್ಟರೆ ಮುರಿಯುತ್ತದೆ ಎನ್ನುತ್ತಾನೆ ಹನುಮಂತ. ಮುರಿಯುತ್ತದೆ. ಸೋತ ಅರ್ಜುನ ಅಗ್ನಿಪ್ರವೇಶಕ್ಕೆ ಸಿದ್ಧನಾದಾಗ ವೃದ್ಧ ಬ್ರಾಹ್ಮಣನ ರೂಪದಲ್ಲಿ ಕೃಷ್ಣ ಬಂದು, ಸಾಕ್ಷಿ ಇಲ್ಲದ ಪಣ ಪಣವೇ ಅಲ್ಲ, ಇನ್ನೊಮ್ಮೆ ನಡೆಯಲಿ ಎನ್ನುತ್ತಾನೆ. ಎರಡನೆಯ ಬಾರಿ ಸೇತುವೆ ನಿಲ್ಲುತ್ತದೆ, ಕೆಳಗಿನಿಂದ ಆಧಾರ ಕೊಟ್ಟವನು ಅವನೇ. ಇಬ್ಬರು ಸಮಬಲದ ಅರ್ಥಧಾರಿಗಳು ಸಿಕ್ಕಿದರೆ ಈ ಪುಟ್ಟ ಕತೆ ಎರಡು ಮೂರು ಗಂಟೆ ಬೆಳೆಯುತ್ತದೆ.

ಈ ಮಾತಿನ ಕಲೆ ಪ್ರಬುದ್ಧವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಉಡುಪಿಯ ಪಾವಂಜೆ ಗುರುರಾವ್ ಅಂಡ್ ಸನ್ಸ್‌ನಂಥ ಪ್ರಕಾಶಕರು ಪ್ರಸಂಗಗಳನ್ನು ಅಚ್ಚು ಹಾಕಿದ್ದರಿಂದ ತಾಳೆಗರಿಯಲ್ಲಿದ್ದ ಪದ್ಯಗಳು ಊರೂರಿಗೆ ತಲುಪಿದವು. ಅಧ್ಯಾಪಕರು, ವಕೀಲರು, ಕೃಷಿಕರು ಅರ್ಥಕ್ಕೆ ಕುಳಿತರು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂಥ ಸೋಲುವ ಪಾತ್ರಗಳಿಗೆ ನ್ಯಾಯದ ನಾಲಿಗೆ ಕೊಟ್ಟರು. ಖಳನೆಂದು ತಳ್ಳಿದವನ ಪಕ್ಷವನ್ನು ಜನ ಕಿವಿಗೊಟ್ಟು ಕೇಳುವಂತೆ ಮಾಡಿದ್ದು ಅವರ ದೊಡ್ಡ ಸಾಧನೆ. ಸುಳ್ಯ ಕಡೆಯ ದೇರಾಜೆ ಸೀತಾರಾಮಯ್ಯನವರು (1914–1984) ಮಾತನ್ನು ತೂಗಿ ಆಡಿದವರು. ಮಹಾಯುದ್ಧದ ಹೊಣೆ ಯಾರದೆಂದು ವಿಚಾರಿಸುವ ‘ಕುರುಕ್ಷೇತ್ರಕ್ಕೊಂದು ಆಯೋಗ’ ಎಂಬ ಅವರ ಪುಸ್ತಕದ ಹೆಸರೇ ಕೂಟದ ಮನೋಧರ್ಮವನ್ನು ಹೇಳುತ್ತದೆ. ಮಲ್ಪೆಯ ಶಂಕರನಾರಾಯಣ ಸಾಮಗ ಮತ್ತು ರಾಮದಾಸ ಸಾಮಗ ಸಹೋದರರು, ಪ್ರಾಸದ ಮಾತಿಗೆ ಹೆಸರಾಗಿ 1994ರಲ್ಲಿ ಸುರತ್ಕಲ್‌ನಿಂದ ಶಾಸಕರೂ ಆದ ಕುಂಬ್ಳೆ ಸುಂದರ ರಾವ್, ವಿದ್ವಾಂಸ ಎಂ. ಪ್ರಭಾಕರ ಜೋಶಿ ತಮ್ಮ ತಮ್ಮ ದಾರಿಯಲ್ಲಿ ಈ ಕಲೆಯನ್ನು ಬೆಳೆಸಿದರು. ಇಂದಿನ ಮುಂಚೂಣಿಯ ಅರ್ಥಧಾರಿಗಳಲ್ಲಿ ಜಬ್ಬಾರ್ ಸಮೋ ಇದ್ದಾರೆ. ಮಹಿಳೆಯರ ತಂಡಗಳೂ ಹಲವು.

ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಮಹಾಭಾರತದಿಂದ ವರ ಶಾಪಗಳನ್ನು ತೆಗೆದು ಮನುಷ್ಯರ ಕತೆಯಾಗಿ ಹೇಳಿತು. ಕೂಟ ಅವುಗಳನ್ನು ಉಳಿಸಿಕೊಂಡೇ ಮನುಷ್ಯರ ಪ್ರಶ್ನೆ ಕೇಳಿತು. ಇಚ್ಛಾಮರಣಿ ಭೀಷ್ಮನಿಗೆ ಸಾವಿನ ಮೇಲೆ ಹಿಡಿತವಿತ್ತು, ನೋವಿನ ಮೇಲೆ ಇತ್ತೇ ಎಂದು ಅಂಬೆ ಕೇಳಬಹುದಾದ ಜಾಗ ಅದು.

ಹೊರಜಗತ್ತಿನಲ್ಲಿ ಇದಕ್ಕೆ ಹತ್ತಿರದ ನೆಂಟರು ಮಹಾಕಲ್ಪನಾ ಕಾದಂಬರಿಗಳ ಅಭಿಮಾನಿಗಳು. ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಓದಿದವರು ಬಾಲ್‌ರಾಗ್ ಎಂಬ ಬೆಂಕಿಯ ಭೂತಕ್ಕೆ ನಿಜವಾಗಿ ರೆಕ್ಕೆ ಇತ್ತೇ ಎಂದು ಇಂದಿಗೂ ವಾದಿಸುತ್ತಾರೆ. ಅಮೆರಿಕದ ಬ್ರ್ಯಾಂಡನ್ ಸ್ಯಾಂಡರ್‌ಸನ್ 2007ರಲ್ಲಿ ಒಂದು ಸೂತ್ರ ಮಂಡಿಸಿದರು: ಮಾಯೆಯ ನಿಯಮ ಓದುಗನಿಗೆ ಎಷ್ಟು ತಿಳಿದಿದೆಯೋ ಅಷ್ಟರಮಟ್ಟಿಗೆ ಮಾತ್ರ ಅದರಿಂದ ಕತೆಯ ಬಿಕ್ಕಟ್ಟನ್ನು ಬಿಡಿಸಿದರೆ ಒಪ್ಪಿಗೆಯಾಗುತ್ತದೆ. ಅಶ್ವತ್ಥಾಮನ ಅಸ್ತ್ರವನ್ನು ಬಲ್ಲ ಕೇಳುಗನಿಗೆ ಇದು ಪರಿಚಿತ ಮಾತೇ. ವ್ಯತ್ಯಾಸ ಕುಳಿತುಕೊಳ್ಳುವ ಜಾಗದಲ್ಲಿದೆ. ಅಲ್ಲಿನ ಅಭಿಮಾನಿ ಪಾತ್ರದ ಬಗ್ಗೆ ಮಾತನಾಡುತ್ತಾನೆ. ಇಲ್ಲಿನ ಅರ್ಥಧಾರಿ ‘ನಾನು’ ಎಂದು ಆರಂಭಿಸಿ ಪಾತ್ರದ ಹೊಣೆಯನ್ನೇ ಹೊರುತ್ತಾನೆ.

ಮೂಲಗಳ ಭೇದವೂ ವಾದಕ್ಕೆ ಇಂಧನ. ಜಾಂಬವತಿ ಕಲ್ಯಾಣದಲ್ಲಿ ಕೃಷ್ಣ ಜಾಂಬವಂತರ ಕಾಳಗ ಭಾಗವತದ ಪ್ರಕಾರ 28 ದಿನ, ವಿಷ್ಣುಪುರಾಣದ ಪ್ರಕಾರ 21. ಸುಧನ್ವನ ಕತೆಗೆ ಲಕ್ಷ್ಮೀಶನ ಜೈಮಿನಿ ಭಾರತವನ್ನು, ಕರ್ಣನಿಗೆ ಕುಮಾರವ್ಯಾಸನನ್ನು, ರಾಮಕತೆಗೆ ತೊರವೆ ರಾಮಾಯಣವನ್ನು ಆಧಾರ ಕೊಡುವುದು ವಾಡಿಕೆ. ಆಧಾರವಿಲ್ಲದೆ ಹೊಸ ವರ ಸೃಷ್ಟಿಸಿದವನನ್ನು ಎದುರಿನವನು ಅಲ್ಲೇ ಹಿಡಿಯುತ್ತಾನೆ.

1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ಕೂಟವನ್ನು ಅಡುಗೆಮನೆಗೂ ತೋಟಕ್ಕೂ ತಲುಪಿಸಿತು. ಆಮೇಲೆ ಕ್ಯಾಸೆಟ್ಟುಗಳು ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೋದವು. ಈಗ ಯೂಟ್ಯೂಬಿನಲ್ಲಿ ಶೇಣಿಯವರ ವಾಲಿ ದುಬೈನ ಕೋಣೆಯಲ್ಲೂ ಮಾತನಾಡುತ್ತಾನೆ. ಇಡೀ ರಾತ್ರಿಯ ಕೂಟ ಮೂರು ನಾಲ್ಕು ಗಂಟೆಗೆ ಇಳಿದಿದೆ. ಆದರೂ ಮಂಗಳ ಹಾಡಿ ಮುಗಿದ ಮೇಲೆ ಕೇಳುಗರು ತಕ್ಷಣ ಮನೆಗೆ ಹೊರಡುವುದಿಲ್ಲ. ಚಹಾದ ಲೋಟ ಹಿಡಿದು ಅಂಗಳದ ಚಪ್ಪರದಡಿ ನಿಂತವರಲ್ಲಿ ಒಬ್ಬರು, ಆ ಮಾಲೆ ಸುಗ್ರೀವನ ಕೊರಳಿಗೆ ಬಂದ ಮೇಲೆ ಅದರ ಬಲ ಅವನಿಗೂ ಬಂದಿರಬೇಕಲ್ಲ ಅಣ್ಣಾ ಎಂದು ಕೇಳುತ್ತಾರೆ, ಮತ್ತೆ ಅರ್ಧ ಗಂಟೆ ಕಳೆಯುತ್ತದೆ.