ಬಡವರ ಬಿಡುವಿನ ಮನೆ

ಬಡವನಿಗೆ ಅನ್ನ, ಬಟ್ಟೆ, ಸೂರು ಬೇಕು ಎಂದರೆ ಯಾರೂ ತಕರಾರು ಮಾಡುವುದಿಲ್ಲ. ಅವನಿಗೆ ಬೆಟ್ಟದ ಗಾಳಿಯೂ ನಾಲ್ಕು ದಿನದ ಬಿಡುವೂ ಬೇಕು ಎಂದರೆ ಮಾತ್ರ ಹುಬ್ಬೇರಿಸುತ್ತೇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಪಾದ್ರಿಯೊಬ್ಬ ಈ ಮಾತನ್ನೇ ಹಿಡಿದು ಹೊರಟ.

ಆತ ಥಾಮಸ್ ಆರ್ಥರ್ ಲೆನಾರ್ಡ್. ಲ್ಯಾಂಕಾಶೈರ್ ಸೀಮೆಯ ಕೋಲ್ನ್ ಎಂಬ ಗಿರಣಿ ಊರಿನಲ್ಲಿ ಪಾದ್ರಿಯಾಗಿದ್ದವನು. ನಮ್ಮ ಧಾರವಾಡದ ಹತ್ತಿಯೂ ಒಂದು ಕಾಲಕ್ಕೆ ಹಡಗೇರಿ ಹೋಗುತ್ತಿದ್ದುದು ಆ ಸೀಮೆಯ ಗಿರಣಿಗಳಿಗೇ. ಅಲ್ಲಿ ವರ್ಷಕ್ಕೊಮ್ಮೆ 'ವೇಕ್ಸ್' ವಾರದಲ್ಲಿ ಊರಿನ ಗಿರಣಿಗಳೆಲ್ಲ ಬಾಗಿಲು ಹಾಕುತ್ತಿದ್ದವು. ಆ ವಾರ ಕೂಲಿಯಿಲ್ಲ. ಕಾರ್ಮಿಕರು ವರ್ಷವಿಡೀ ಕೂಡಿಟ್ಟ ಕಾಸನ್ನು ಬ್ಲ್ಯಾಕ್‌ಪೂಲ್ ಕಡಲತೀರದ ಗದ್ದಲದಲ್ಲಿ ಕಳೆದು ಬರಿಗೈಯಲ್ಲಿ ಮರಳುತ್ತಾರೆಂಬುದು ಲೆನಾರ್ಡನ ಕೊರಗು. ದುಡಿಯುವವರ ಮೋಜನ್ನು ಹೀಗೆ ಹಗುರವಾಗಿ ಕಂಡದ್ದರಲ್ಲಿ ಉಪದೇಶಕನ ಬಿಗುಮಾನವೂ ಇತ್ತೆನ್ನಬೇಕು. ಆದರೆ ಆತ ಬರಿಯ ಉಪದೇಶಕ್ಕೆ ನಿಲ್ಲಲಿಲ್ಲ. 1891ರ ಜೂನ್‌ನಲ್ಲಿ ಸುಮಾರು ಮೂವತ್ತು ಮಂದಿ ತರುಣರನ್ನು ಸರೋವರಗಳ ನಾಡಿನ ಆಂಬಲ್‌ಸೈಡಿಗೆ ಕರೆದೊಯ್ದ. ಹಗಲು ಬೆಟ್ಟ ಹತ್ತುವುದು, ಸಂಜೆ ಕವಿ, ಕಾವ್ಯಗಳ ಮಾತು.

ಮುಂದೆ ಇದೇ 'ಸಹಕಾರಿ ರಜಾ ಸಂಘ'ವಾಯಿತು. ಹಳ್ಳಿಗಾಡಿನಲ್ಲಿ ಸಂಘದ ಮನೆಗಳೆದ್ದವು. ಸರಳ ಊಟ, ಕಡಿಮೆ ದರ. ಹೆಂಗಸರೂ ಗಂಡಸರೂ ಜೊತೆಯಾಗಿ ನಡೆಯುವ ಸ್ವಾತಂತ್ರ್ಯ. ಅದನ್ನೂ ತೆರಲಾರದ ನಗರದ ಬಡವರಿಗೆ ಉಚಿತ ರಜೆಯ ಏರ್ಪಾಡೂ ಇತ್ತು.

ಆದರೆ ಮನೆ ಚೆನ್ನಾದಷ್ಟೂ ಅತಿಥಿಗಳು ಬದಲಾದರು. ಶಿಕ್ಷಕರು, ಗುಮಾಸ್ತರು ಬಂದರು. ಅವರೊಡನೆ ಅವರ ಅಭಿರುಚಿ, ಅನುಕೂಲಗಳೂ ಬಂದವು. ಗಿರಣಿಯವನನ್ನು ಯಾರೂ ಹೊರಗೆ ಅಟ್ಟಲಿಲ್ಲ. ಆದರೂ ಸಂಘ ಮಧ್ಯಮ ವರ್ಗದ ಮನೆಯಾಗುತ್ತಿದೆ ಎಂದು ಲೆನಾರ್ಡನಿಗೆ ಅನ್ನಿಸಿತು. 1913ರಲ್ಲಿ ಆತ ತಾನೇ ಕಟ್ಟಿದ್ದನ್ನು ಬಿಟ್ಟು 'ಹಾಲಿಡೇ ಫೆಲೋಶಿಪ್' ಎಂಬ ಹೊಸ ಸಂಸ್ಥೆ ಆರಂಭಿಸಿದ.

ಸಂಬಳಸಹಿತ ರಜೆಯ ಕಾಯಿದೆ ಬ್ರಿಟನ್ನಿನಲ್ಲಿ ಬಂದದ್ದು 1938ರಲ್ಲಿ. ಅಲ್ಲಿಯತನಕ ಬಹುಪಾಲು ಕೂಲಿಕಾರರಿಗೆ ರಜೆಯೆಂದರೆ ಸಂಬಳವಿಲ್ಲದ ದಿನ. 1948ರಲ್ಲಿ ಲೆನಾರ್ಡ್ ತೀರಿಕೊಂಡ. ಸರೋವರ ನಾಡಿನ ಕ್ಯಾಟ್‌ಬೆಲ್ಸ್ ಬೆಟ್ಟದ ಕಾಲುದಾರಿಯಲ್ಲಿ ಆತನ ಹೆಸರಿನ ಫಲಕವಿದೆ.

ಬಡವರ ಹೆಸರಿನಲ್ಲಿ ನಾವೂ ಮುಸಾಫಿರ್‌ಖಾನೆ, ಛತ್ರ, ಶಾಲೆಗಳನ್ನು ಕಟ್ಟುತ್ತೇವೆ. ಉದ್ಘಾಟನೆಗೆ ಯಾರು ಬಂದರೆಂದು ಫಲಕದಲ್ಲಿ ಕೆತ್ತಿಸುತ್ತೇವೆ. ಇಪ್ಪತ್ತು ವರ್ಷದ ಮೇಲೆ ಒಳಗೆ ಯಾರು ಮಲಗಿದ್ದಾರೆಂದು ಹೋಗಿ ನೋಡುವವರು ಮಾತ್ರ ವಿರಳ. ಲೆನಾರ್ಡ್ ನೋಡಿದ. ನೋಡಿದ್ದನ್ನು ಒಪ್ಪಿಕೊಂಡು ಹೊರಗೆ ನಡೆದ. ಕಟ್ಟಿದ್ದಕ್ಕಿಂತ ಅದು ಕಷ್ಟದ ಕೆಲಸ.