ಗುಂಡುಕಲ್ಲಿನ ಹಾಗಿದ್ದವರು

2021ರ ಮೇ ತಿಂಗಳಲ್ಲಿ, ಇಲ್ಲೇ ಚೆನ್ನೈಯಲ್ಲಿ, ನಮ್ಮ ತಂಡದ ಹುಡುಗನೊಬ್ಬ ಕೊರೊನಾದಿಂದ ತೀರಿಕೊಂಡ. 31 ವರ್ಷ. ದಾವಣಗೆರೆ ಕಡೆಯವನು. ಬೆಸಂಟ್ ನಗರದ ಕಡಲ ದಂಡೆಯಲ್ಲಿ ದಿನಾ ಬೆಳಿಗ್ಗೆ ಓಡುತ್ತಿದ್ದವನು. 18 ದಾಟಿದವರಿಗೆ ದೇಶದಲ್ಲಿ ಮೇ 1ರಿಂದ ಲಸಿಕೆ ಎಂದು ಘೋಷಣೆಯಾಗಿತ್ತು, ಆದರೆ ಸ್ಲಾಟ್ ಸಿಗುತ್ತಿರಲಿಲ್ಲ. ಜ್ವರ ಬಂದು ಎಂಟು ದಿನ ಚೆನ್ನಾಗಿಯೇ ಮಾತಾಡುತ್ತಿದ್ದ. ಒಂಬತ್ತನೇ ದಿನ ಉಸಿರು ಕೆಟ್ಟಿತು.

ಆಮೇಲೆ ಅವನ ಲ್ಯಾಪ್‌ಟಾಪ್, ಪಿಎಫ್, ವಿಮೆಯ ಕಾಗದಗಳ ವಿಷಯಕ್ಕೆ ಅವನ ತಾಯಿಯ ಜೊತೆ ನಾನೇ ಮಾತಾಡಬೇಕಾಯಿತು. ಕಾಗದದ ಮಾತು ಮುಗಿದ ಮೇಲೆ ಅವರು ಕೇಳುತ್ತಿದ್ದುದು ಒಂದೇ. "ಗುಂಡುಕಲ್ಲಿನಂಗಿದ್ದ ಸಾರ್. ಒಂದಿನ ತಲೆನೋವು ಅಂದವನಲ್ಲ. ಹೋಟೆಲ್ ಊಟ ಉಂಡು ಉಂಡು ಹಿಂಗಾತೇನು? ನಾನೇ ಬಂದು ಮಾಡಿಹಾಕಬೇಕಿತ್ತೇನು?"

ಸರ್ವರ್ ಬಿದ್ದರೆ ಮೂಲ ಕಾರಣ ಏನೆಂದು ವರದಿ ಬರೆಯುವುದು ನನ್ನ ಹೊಟ್ಟೆಪಾಡು. ಈ ಪ್ರಶ್ನೆಗೆ ಮಾತ್ರ ಒಂದು ಸಾಲೂ ಹೊಳೆಯಲಿಲ್ಲ. ಆದರೆ "ಗುಂಡುಕಲ್ಲಿನ ಹಾಗೆ" ಎಂಬ ಮಾತನ್ನು ನಾನು ಮೊದಲೇ ಕೇಳಿದ್ದೆ. ನನ್ನ ಅಜ್ಜಿ ತನ್ನ ತಾಯಿಯ ಬಗ್ಗೆ ಹೇಳುತ್ತಿದ್ದ ಮಾತದು. ಹಾಸನದ ಕಡೆಯ ಹಳ್ಳಿ. ಇಪ್ಪತ್ತೈದು ದಾಟದ ಹೆಂಗಸು, ನೀರು ಸೇದಿ, ರಾಗಿ ಬೀಸಿ, ಗದ್ದೆ ಕೆಲಸಕ್ಕೂ ಹೋಗುತ್ತಿದ್ದವಳು, ಜ್ವರ ಹಿಡಿದ ನಾಲ್ಕೇ ದಿನಕ್ಕೆ ಹೋದಳಂತೆ. ಮನೆಯ ಮುದುಕಿ ಅತ್ತೆಗೂ ಅದೇ ಜ್ವರ ಬಂದಿತ್ತು, ಮುದುಕಿ ಎದ್ದು ಕೂತಳು. ಕೈಗೂಸಾಗಿದ್ದ ನನ್ನ ಅಜ್ಜಿಯನ್ನು ಸಾಕಿದ್ದು ಆ ಮುದುಕಿಯೇ. ಅಜ್ಜಿಗೆ ಇಸವಿ ಗೊತ್ತಿರಲಿಲ್ಲ. "ದೊಡ್ಡ ಲಡಾಯಿ ಮುಗಿಯೋ ವರ್ಷ" ಅನ್ನುತ್ತಿದ್ದಳು. ಅಂದರೆ 1918.

ಆ ವರ್ಷದ ಜೂನ್ 10ರಂದು ಬೊಂಬಾಯಿಯಲ್ಲಿ ಏಳು ಮಂದಿ ಪೊಲೀಸರು ಜ್ವರದಿಂದ ಆಸ್ಪತ್ರೆ ಸೇರಿದರು. ಅವರಲ್ಲಿ ಒಬ್ಬ ಬಂದರಿನ ಕಾವಲಿಗಿದ್ದವನು. ಮೊದಲ ಅಲೆ ಅಷ್ಟೇನೂ ಕೊಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯದು ರೈಲು ಹಿಡಿದು ದೇಶವನ್ನೆಲ್ಲ ಸುತ್ತಿತು. ಸೆಪ್ಟೆಂಬರ್ 23ರಂದು ಮೈಸೂರಿನ ಕುದುರೆ ಪಡೆ ದೂರದ ಹೈಫಾ ಪಟ್ಟಣವನ್ನು ಗೆದ್ದಿತು. ಅದರ ಬೆನ್ನಿಗೇ ಈ ಜ್ವರ ಮೈಸೂರು ಸಂಸ್ಥಾನದ ಊರುಗಳಿಗೆ ನುಗ್ಗಿತು. ಮಳೆ ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು. ಭಾರತದಲ್ಲಿ ಸತ್ತವರು 1921ರ ಜನಗಣತಿಯ ಅಂದಾಜಿನಂತೆ ಒಂದು ಕೋಟಿ 20 ಲಕ್ಷಕ್ಕೂ ಮಿಕ್ಕಿ. ಈಚಿನ ಕೆಲವು ಲೆಕ್ಕಗಳು ಒಂದು ಕೋಟಿ 80 ಲಕ್ಷದವರೆಗೂ ಹೋಗುತ್ತವೆ. ಜನಗಣತಿ ಶುರುವಾದ ಮೇಲೆ ದೇಶದ ಜನಸಂಖ್ಯೆ ಇಳಿದ ದಶಕ ಅದೊಂದೇ. ಮೈಸೂರು ಸಂಸ್ಥಾನ ಹತ್ತು ವರ್ಷದಲ್ಲಿ 58 ಲಕ್ಷದಿಂದ 60 ಲಕ್ಷದ ಹತ್ತಿರಕ್ಕೆ ತೆವಳಿತು, ಅಷ್ಟೇ.

ನನಗೆ ಸೋಜಿಗವೆಂದರೆ ಇದು ನಮ್ಮ ನೆನಪಿನಿಂದಲೇ ಜಾರಿಹೋದದ್ದು. 1898ರ ಪ್ಲೇಗಿಗೆ ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿ ಇದೆ. ಬಸವನಗುಡಿ, ಮಲ್ಲೇಶ್ವರ ಬೆಳೆದ ಕತೆಯಲ್ಲೂ ಪ್ಲೇಗ್ ಬರುತ್ತದೆ. ಇನ್‌ಫ್ಲುಯೆಂಜಾಕ್ಕೆ ಒಂದು ಗುಡಿಯನ್ನೂ ನಾನು ಕಂಡಿಲ್ಲ. ಎರಡು ಮೂರು ತಿಂಗಳಲ್ಲಿ ಬಂದು ಹೋದದ್ದಕ್ಕೆ ಹರಕೆ ಹೊರಲು ಪುರುಸೊತ್ತೂ ಇರಲಿಲ್ಲವೇನೋ.

ಸಾಮಾನ್ಯ ಫ್ಲೂ ಕೊಲ್ಲುವುದು ಹಸುಗೂಸುಗಳನ್ನು ಮತ್ತು ಮುದುಕರನ್ನು. ವಯಸ್ಸಿನ ಮೇಲೆ ಸಾವಿನ ರೇಖೆ ಎಳೆದರೆ ಎರಡು ತುದಿ ಮೇಲೆ, ನಡುವೆ ತಗ್ಗು. 1918ರ ರೇಖೆಯಲ್ಲಿ ಆ ತಗ್ಗಿನ ಜಾಗದಲ್ಲಿ ಒಂದು ಗುಡ್ಡ ಎದ್ದಿದೆ, 20ರಿಂದ 40ರ ನಡುವೆ. ಭಾರತದ ಜನಗಣತಿಯವರೂ ಇದನ್ನು ಗುರುತಿಸಿದ್ದರು. ಆ ವಯಸ್ಸಿನವರಲ್ಲಿ ಹೆಂಗಸರು ಇನ್ನೂ ಹೆಚ್ಚು ಸತ್ತರು ಎಂದೂ ಬರೆದರು. ಅಜ್ಜಿಯ ತಾಯಿ ಆ ಗುಡ್ಡದಲ್ಲಿದ್ದಳು.

ಯಾಕೆ ಎಂಬುದಕ್ಕೆ ಬಹುಕಾಲ ಪ್ರಚಾರದಲ್ಲಿದ್ದ ಉತ್ತರ, ಬಲವೇ ಅವರನ್ನು ಕೊಂದಿತು ಎಂಬುದು. 1997ರಲ್ಲಿ ಯೋಹಾನ್ ಹುಲ್ಟಿನ್ ಎಂಬಾತ ಅಲಾಸ್ಕಾದ ಬ್ರೆವಿಗ್ ಮಿಷನ್ ಎಂಬ ಹಳ್ಳಿಯ ಹೆಪ್ಪುಗಟ್ಟಿದ ನೆಲದಿಂದ 1918ರಲ್ಲಿ ಸತ್ತ ಹೆಂಗಸೊಬ್ಬಳ ಶ್ವಾಸಕೋಶದ ಚೂರು ತೆಗೆದ. ಅಂಥ ಚೂರುಗಳ ಆಧಾರದ ಮೇಲೆ 2005ರಲ್ಲಿ ಆ ವೈರಸ್ಸನ್ನೇ ಮತ್ತೆ ಕಟ್ಟಿದರು. ಅದನ್ನು ಕೋತಿಗಳಿಗೆ ಕೊಟ್ಟು ನೋಡಿದಾಗ ಅವುಗಳ ರೋಗನಿರೋಧಕ ವ್ಯವಸ್ಥೆ ಲಗಾಮಿಲ್ಲದೆ ಕೆರಳಿತು. ಸೋಂಕು ತಗುಲಿದ ಜೀವಕೋಶಗಳು ಸೈಟೊಕೈನ್ ಎಂಬ ರಾಸಾಯನಿಕ ಕೂಗು ಹಾಕುತ್ತವೆ. ಕೂಗು ಕೇಳಿ ರಕ್ಷಣಾ ಕೋಶಗಳು ಓಡಿ ಬರುತ್ತವೆ, ಅವೂ ಕೂಗುತ್ತವೆ. ರಕ್ತನಾಳಗಳು ಸೋರಿ ಗಾಳಿಚೀಲಗಳಲ್ಲಿ ನೀರು ತುಂಬುತ್ತದೆ. ಬೆಂಕಿ ಆರಿಸಲು ಬಂದವರು ಮನೆಯನ್ನೇ ಮುಳುಗಿಸಿದ ಹಾಗೆ.

ಇದು ಸುಳ್ಳಲ್ಲ, ಅರ್ಧ ಮಾತು. 1918ರಲ್ಲಿ ಸತ್ತ 58 ಜನರ ಶ್ವಾಸಕೋಶದ ಅಂಗಾಂಶವನ್ನು 2008ರಲ್ಲಿ ಮತ್ತೆ ನೋಡಿದಾಗ ಹೆಚ್ಚುಕಮ್ಮಿ ಎಲ್ಲದರಲ್ಲೂ ಬ್ಯಾಕ್ಟೀರಿಯಾದ ನ್ಯುಮೋನಿಯಾದ ಗುರುತು ಸಿಕ್ಕಿತು. ವೈರಸ್ ಬಾಗಿಲು ಮುರಿಯಿತು, ಗಂಟಲಲ್ಲಿ ಸುಮ್ಮನೆ ಕೂತಿದ್ದ ಬ್ಯಾಕ್ಟೀರಿಯಾ ಒಳಗೆ ಇಳಿಯಿತು. ಪೆನಿಸಿಲಿನ್ ಬಳಕೆಗೆ ಬರಲು ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷವಿತ್ತು.

ಆದರೂ ಮುದುಕಿ ಬದುಕಿ ಸೊಸೆ ಸತ್ತದ್ದು ಹೇಗೆ? ಇಲ್ಲಿ ಹುಟ್ಟಿದ ವರ್ಷ ಮುಖ್ಯವಾಗುತ್ತದೆ. ಉತ್ತರ ಅಮೆರಿಕದ ದಾಖಲೆಗಳಲ್ಲಿ ಸಾವಿನ ಗುಡ್ಡದ ತುದಿ ಸರಿಯಾಗಿ 28ನೇ ವಯಸ್ಸಿಗೆ ಬರುತ್ತದೆ. 28 ಕಳೆದರೆ 1890. ಅದರ ಆಸುಪಾಸಿನಲ್ಲೇ ಇನ್ನೊಂದು ಜಾಗತಿಕ ಫ್ಲೂ ಬಂದಿತ್ತು, ಬೇರೆ ಜಾತಿಯ ವೈರಸ್ಸಿನದು ಎಂದು ಊಹೆ. ಮಗುವಿನ ದೇಹ ಮೊದಲು ಕಂಡ ಫ್ಲೂವನ್ನೇ ಜೀವನಪೂರ್ತಿ ಶತ್ರುವಿನ ಚಹರೆ ಎಂದು ನೆನಪಿಟ್ಟುಕೊಳ್ಳುತ್ತದೆ. 1918ರಲ್ಲಿ ಬಂದವನ ಮುಖ ಬೇರೆ. ಅದಕ್ಕೂ ಹಿಂದೆ ಹುಟ್ಟಿದ ಮುದುಕರು ಬಾಲ್ಯದಲ್ಲಿ ಕಂಡಿದ್ದ ವೈರಸ್ 1918ರದಕ್ಕೆ ಹತ್ತಿರದ್ದಿರಬೇಕು ಎಂಬ ವಾದವನ್ನು ಮೈಕೇಲ್ ವೊರೊಬಿ ಮತ್ತು ಸಂಗಡಿಗರು 2014ರಲ್ಲಿ ಮುಂದಿಟ್ಟರು. ವಾದವೇ, ತೀರ್ಪಲ್ಲ. ಆದರೆ ನಮ್ಮ ಕಾಲದಲ್ಲಿ ಇದರ ಇನ್ನೊಂದು ಮುಖ ಕಂಡಿದೆ.

ಅದಕ್ಕೆ ಮದರಾಸಿನ ಬಂದರಿಗೆ ಬರಬೇಕು. 1957ರ ಮೇ ಮಧ್ಯದಲ್ಲಿ ಸಿಂಗಪುರದಿಂದ ಬಂದ ಹಡಗೊಂದು ಇಲ್ಲಿ ಲಂಗರು ಹಾಕಿತು. ಒಳಗೆ ಜ್ವರದ ರೋಗಿಗಳಿದ್ದರು. "ಏಷ್ಯನ್ ಫ್ಲೂ" ಭಾರತಕ್ಕೆ ಇಳಿದದ್ದು ಹೀಗೆ. ಆಗಸ್ಟ್ ಹೊತ್ತಿಗೆ ಬಹುಪಾಲು ರಾಜ್ಯಗಳನ್ನು ಮುಟ್ಟಿತ್ತು. ಮುಂದಿನ ಫೆಬ್ರವರಿಯವರೆಗೆ ಲೆಕ್ಕಕ್ಕೆ ಸಿಕ್ಕ ರೋಗಿಗಳು 44 ಲಕ್ಷಕ್ಕೂ ಹೆಚ್ಚು, ಸಾವು 1,098. ಬಿಟ್ಟುಹೋದವು ಎಷ್ಟೋ ಇರಬಹುದು, ಆದರೂ 1918ಕ್ಕೆ ಹೋಲಿಕೆಯೇ ಅಲ್ಲ. ಹೊಸ ವೈರಸ್ ಬಂದೊಡನೆ 1918ರ ವೈರಸ್ಸಿನ ವಂಶ ಚಲಾವಣೆಯಿಂದ ಮಾಯವಾಯಿತು. ಹಾಗಾಗಿ 1957ಕ್ಕೆ ಮುಂಚೆ ಹುಟ್ಟಿದವರು ಬಾಲ್ಯದಲ್ಲಿ ಆ ವಂಶದ ಪರಿಚಯ ಮಾಡಿಕೊಂಡಿದ್ದವರು. 2009ರಲ್ಲಿ ಹಂದಿಜ್ವರ ಬಂದಾಗ, ಅದೂ ಅದೇ ಬಳಗದ್ದು, ವಯಸ್ಸಾದವರಿಗೆ ಅಷ್ಟಿಷ್ಟು ರಕ್ಷಣೆ ಇತ್ತು. ಜಗತ್ತಿನಲ್ಲಿ ಅದರಿಂದ ಸತ್ತವರಲ್ಲಿ ಸುಮಾರು 80 ಶೇಕಡಾ 65ರೊಳಗಿನವರು ಎಂದು ಅಂದಾಜು.

ಇನ್ನು "ಗುಂಡುಕಲ್ಲು" ಎಂಬುದೇ ಎಷ್ಟು ನಿಜ? 2023ರಲ್ಲಿ ಇಬ್ಬರು ಸಂಶೋಧಕಿಯರು ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಮ್ಮಿನ ಅಸ್ಥಿಪಂಜರಗಳನ್ನು ಪರೀಕ್ಷಿಸಿದರು. ಕಾಯಿಲೆ, ಹಸಿವು, ಪೆಟ್ಟು ಮೊಣಕಾಲ ಕೆಳಗಿನ ಮೂಳೆಯ ಮೇಲೆ ಗಂಟಿನಂಥ ಗುರುತು ಬಿಡುತ್ತವೆ. ಆರದ ಗುರುತಿದ್ದವರು ಆ ಜ್ವರದಲ್ಲಿ ಸಾಯುವ ಸಂಭವ ಉಳಿದವರಿಗಿಂತ 2.7 ಪಟ್ಟು ಹೆಚ್ಚಿತ್ತು. ಅಂದರೆ ಯುವಕರು ಸತ್ತದ್ದು ನಿಜ, ಆದರೆ ಸತ್ತ ಯುವಕರಲ್ಲಿ ಬಹಳಷ್ಟು ಮಂದಿ ಮೊದಲೇ ಒಳಗೊಳಗೆ ಸವೆದಿದ್ದವರು. ಬೊಂಬಾಯಿಯ ಲೆಕ್ಕ ಇದನ್ನು ಮೂಳೆ ನೋಡದೆಯೇ ಹೇಳಿತ್ತು: ಕೆಳಜಾತಿಯೆಂದು ಪಟ್ಟಿ ಮಾಡಿದವರಲ್ಲಿ ಸಾವಿರಕ್ಕೆ 61.6 ಸಾವು, ಯುರೋಪಿಯನ್ನರಲ್ಲಿ 8.3. ಅಜ್ಜಿಯ ತಾಯಿಯನ್ನು ಈಗ ಬೇರೆ ಥರ ನೋಡುತ್ತೇನೆ. ಎಳೆ ವಯಸ್ಸಿನ ಬಸಿರು ಬಾಣಂತನ, ಎಲ್ಲರೂ ಉಂಡ ಮೇಲೆ ಉಳಿದದ್ದರ ಊಟ, ಹೊಗೆಯ ಒಲೆ, ಜ್ವರ ಬಂದವರ ಆರೈಕೆಯೂ ಅವಳದೇ. ದುಡಿಯುವುದನ್ನು ಕಂಡು ಗಟ್ಟಿ ಎಂದರು.

ಹೊಟ್ಟೆ ತುಂಬ ಉಂಡು, ಕಡಲ ದಂಡೆಯಲ್ಲಿ ಓಡುತ್ತಿದ್ದ ನಮ್ಮ ಹುಡುಗನಿಗೆ ಈ ಮಾತು ಹೊಂದುವುದಿಲ್ಲ. ಅವನಂಥವರ ಕುರಿತು ಬೇರೊಂದು ಸುಳಿವು 2020ರಲ್ಲಿ ಸಿಕ್ಕಿತು. ವೈರಸ್ ಹೊಕ್ಕಾಗ ದೇಹ ಮೊದಲ ಗಂಟೆಗಳಲ್ಲಿ ಬಾರಿಸುವ ಗಂಟೆ ಇಂಟರ್‌ಫೆರಾನ್. ಪ್ಯಾರಿಸ್ ಮತ್ತು ನ್ಯೂಯಾರ್ಕಿನ ಜಾನ್ ಲೋರೆಂಟ್ ಕಸಾನೋವಾ ತಂಡ ತೀವ್ರ ಕೊರೊನಾದ 659 ರೋಗಿಗಳ ಜೀನ್ ನೋಡಿದಾಗ 23 ಮಂದಿಯಲ್ಲಿ ಈ ಗಂಟೆಯ ಹಗ್ಗವೇ ಹುಟ್ಟಿನಿಂದ ಕೆಟ್ಟಿತ್ತು. ಅವರ ವಯಸ್ಸು 17ರಿಂದ 77. ಇನ್ನೊಂದು ಅಧ್ಯಯನದ 987 ತೀವ್ರ ರೋಗಿಗಳಲ್ಲಿ 101 ಮಂದಿಯ ದೇಹ ತನ್ನದೇ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯ ಮಾಡಿಟ್ಟುಕೊಂಡಿತ್ತು. ಅವರಲ್ಲಿ 95 ಗಂಡಸರು. ಗಂಟೆ ಬಾರಿಸದಿದ್ದರೆ ವೈರಸ್ ಸದ್ದಿಲ್ಲದೆ ಹಬ್ಬುತ್ತದೆ, ದೇಹ ತಡವಾಗಿ ಎದ್ದು ಒಂದೇ ಸಲ ಕೆರಳುತ್ತದೆ. ಇಂಥ ದೋಷವನ್ನು ವರ್ಷಕ್ಕೊಮ್ಮೆ ಕಂಪನಿ ಮಾಡಿಸುವ ಹೆಲ್ತ್ ಚೆಕಪ್ ಹಿಡಿಯುವುದಿಲ್ಲ. ಅದು ನೋಡುವುದು ಸಕ್ಕರೆ, ಕೊಬ್ಬು, ತೂಕ.

ಇದನ್ನೆಲ್ಲ ಓದಿದ ಮೇಲೆ ಒಂದು ಭಾನುವಾರ ದಾವಣಗೆರೆಗೆ ಫೋನ್ ಮಾಡಿದೆ. ಅವನಿಗೆ ಇದೇ ಆಗಿತ್ತೆಂದು ಹೇಳಲಾರೆ, ಯಾರೂ ಪರೀಕ್ಷೆ ಮಾಡಿಲ್ಲ, ಆದರೆ ಹೋಟೆಲ್ ಊಟದಿಂದ ಹೀಗಾಗುವುದಿಲ್ಲ ಅಮ್ಮ, ನೀವು ಬಂದು ಅಡುಗೆ ಮಾಡಿದ್ದರೂ ತಪ್ಪುತ್ತಿರಲಿಲ್ಲ ಎಂದೆ. ಗಂಟೆಯ ಹಗ್ಗದ ಕತೆ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದರು, "ಹುಟ್ಟಿನಿಂದ ಬರೋದಾದ್ರೆ ಅವನ ತಮ್ಮನಿಗೂ ಇರಬಹುದೇನು ಸಾರ್?"

ಇರಬಹುದು, ಇಲ್ಲದೆಯೂ ಇರಬಹುದು ಎಂದೆ. ಅವನಿಗೆ ಲಸಿಕೆ ಆಗಿದೆಯಾ ಎಂದು ಕೇಳಿದೆ.

"ಎರಡೂ ಆಗೇತಿ," ಎಂದರು. "ನಾನೇ ಕರ್ಕೊಂಡು ಹೋಗಿ ಹಾಕಿಸೀನಿ."